ಹಂಗಿಲ್ಲದ ಮುಪ್ಪು

ಮುಪ್ಪಿನಲ್ಲಿ ಹಸಿವಿಗಿಂತಲೂ ಹೆಚ್ಚಾಗಿ ಸುಡುವುದು ಹಂಗು. ದುಡಿಯುವ ಕೈ ಸೋತ ಮೇಲೆ, ನೀಡುವ ಕೈಯನ್ನು ದಿನವೂ ಎದುರುನೋಡುತ್ತ ಕುಳಿತವರ ಸಂಕಟ ಅನುಭವಿಸಿದವರಿಗೇ ಗೊತ್ತು. ಈ ಸಂಕಟವನ್ನರಿತು ದಾನದ ರೀತಿಯನ್ನೇ ತಿದ್ದಲೆಳಸಿದವರಲ್ಲಿ ಇಂಗ್ಲೆಂಡಿನ ಕ್ವೇಕರರೂ ಸೇರಿದ್ದಾರೆ.

ಹದಿನೇಳನೆಯ ಶತಮಾನದಲ್ಲಿ ಜಾರ್ಜ್ ಫಾಕ್ಸನಿಂದ ಮೊದಲಾದ ಈ ಪುಟ್ಟ ಕ್ರೈಸ್ತ ಪಂಥದವರು ಪ್ರತಿಯೊಬ್ಬ ಮನುಷ್ಯನಲ್ಲಿಯೂ ದೈವಾಂಶವುಂಟೆಂದು ನಂಬುವವರು. ಮೌನವಾಗಿ ಕುಳಿತು ಪ್ರಾರ್ಥಿಸುವವರು. ಚಾಕೊಲೇಟಿನಿಂದಾಗಿ ನಮ್ಮ ಮಕ್ಕಳಿಗೂ ಪರಿಚಿತವಾದ ಕ್ಯಾಡ್ಬರಿ ಮನೆತನ ಇದೇ ಪಂಥಕ್ಕೆ ಸೇರಿದುದು.

ಹತ್ತೊಂಬತ್ತನೆಯ ಶತಮಾನದಲ್ಲಿ ಆ ದೇಶದ ದಿಕ್ಕಿಲ್ಲದ ವೃದ್ಧರಿಗೆ ಕೊನೆಯ ಆಸರೆಯೆಂದರೆ ‘ವರ್ಕ್‌ಹೌಸ್’ ಎಂಬ ದೀನಾಲಯ. ಅಲ್ಲಿ ಹೊಟ್ಟೆಗೆ ಕೂಳು ದೊರೆಯುತ್ತಿತ್ತು. ಮಾನ ಹೊಸ್ತಿಲಾಚೆಯೇ ಉಳಿಯುತ್ತಿತ್ತು. ಅನೇಕ ಕಡೆ ವೃದ್ಧ ದಂಪತಿಗಳನ್ನೂ ಅಗಲಿಸಿ ಇರಿಸುತ್ತಿದ್ದರು. ಅಂತಹ ದಿನಗಳಲ್ಲಿ, 1898ರ ಸುಮಾರಿಗೆ, ರಿಚರ್ಡ್ ಕ್ಯಾಡ್ಬರಿಯು ಬರ್ಮಿಂಗ್‌ಹ್ಯಾಮಿನ ಬೋರ್ನ್‌ವಿಲ್ಲಿನಲ್ಲಿ ಹಸುರು ಅಂಗಳದ ಸುತ್ತ 33 ಪುಟ್ಟ ಮನೆಗಳನ್ನು ವೃದ್ಧರಿಗಾಗಿ ಕಟ್ಟಿಸಿದನು. ಅಷ್ಟಕ್ಕೇ ನಿಲ್ಲದೆ, ಪಕ್ಕದಲ್ಲಿ ಇನ್ನೂ 38 ಮನೆಗಳನ್ನು ಕಟ್ಟಿಸಿ, ಅವುಗಳ ಬಾಡಿಗೆಯನ್ನು ಈ ಮನೆಗಳ ವೆಚ್ಚಕ್ಕೆಂದು ಮೀಸಲಿಟ್ಟನು. ದಾನಿ ತೀರಿಕೊಂಡರೂ ದಾನ ತೀರಬಾರದೆಂಬುದು ಆ ಏರ್ಪಾಡಿನ ಮರ್ಮ.

ಆದರೆ ಮೂವತ್ತಮೂರು ಮನೆಗಳು ಎಷ್ಟು ಜನಕ್ಕೆ ಸಾಕಾದಾವು? ಯಾರ್ಕ್ ನಗರದ ಇನ್ನೊಂದು ಕ್ವೇಕರ್ ಮನೆತನದ ಸೀಬೋಮ್ ರೌಂಟ್ರಿ 1899ರಲ್ಲಿ ತನ್ನ ಊರಿನ ಕೂಲಿಕಾರರ ಮನೆಮನೆಯ ಸ್ಥಿತಿಯನ್ನು ವಿಚಾರಿಸಿ, 1901ರಲ್ಲಿ ಅದರ ಫಲವನ್ನು ಪ್ರಕಟಿಸಿದನು. ಕೂಲಿಕಾರನಿಗೆ ಬಡತನ ಮೂರು ಬಾರಿ ಕವಿಯುತ್ತದೆ: ತಾನು ಮಗುವಾಗಿದ್ದಾಗ, ತನ್ನ ಮಕ್ಕಳು ಚಿಕ್ಕವರಿದ್ದಾಗ, ಕೊನೆಗೆ ಮುಪ್ಪಿನಲ್ಲಿ. ಮೊದಲೆರಡಕ್ಕೆ ಕಾಲವೇ ಪರಿಹಾರ ತರಬಹುದು. ಮೂರನೆಯದಕ್ಕೆ ಕಾಲದಿಂದ ಪರಿಹಾರವಿಲ್ಲ.

ಸೀಬೋಮನ ತಂದೆ ಜೋಸೆಫ್ ರೌಂಟ್ರಿ 1904ರಲ್ಲಿ ತನ್ನ ಸಂಪತ್ತಿನ ದೊಡ್ಡ ಪಾಲನ್ನು ಧರ್ಮನಿಧಿಗಳಿಗೆ ಬಿಟ್ಟುಕೊಡುವಾಗ ಒಂದು ಮಾತನ್ನು ಬರೆದಿಟ್ಟನು. ಬಡವರಿಗೆ ಗಂಜಿ ಹಂಚುವುದಕ್ಕೆ ಹಣ ಸುಲಭವಾಗಿ ಕೂಡುತ್ತದೆ. ಬಡತನದ ಕಾರಣವನ್ನು ಹುಡುಕುವುದಕ್ಕೆ ಹಣ ಹುಟ್ಟುವುದಿಲ್ಲವೆಂಬುದು ಅದರ ಭಾವ. ಎರಡು ವರ್ಷಗಳ ಬಳಿಕ ಅವನ ಕಾರ್ಖಾನೆಯ ಕೆಲಸಗಾರರಿಗೆ ಪಿಂಚಣಿಯ ನಿಧಿ ಏರ್ಪಟ್ಟಿತು.

ಇತ್ತ ರಿಚರ್ಡನ ತಮ್ಮ ಜಾರ್ಜ್ ಕ್ಯಾಡ್ಬರಿಯು, ವೃದ್ಧಾಪ್ಯವೇತನವನ್ನು ಸರ್ಕಾರವೇ ಕೊಡಬೇಕೆಂದು 1899ರಲ್ಲಿ ಮೊದಲಾದ ಚಳವಳಿಗೆ ಧನಸಹಾಯ ಮಾಡಿದನು. ಹಲವರ ಶ್ರಮದಿಂದ 1908ರಲ್ಲಿ ಕಾನೂನು ಬಂದಿತು. 1909ರ ಜನವರಿ 1ರಿಂದ, ಎಪ್ಪತ್ತು ತುಂಬಿದ ಅಲ್ಪಾದಾಯದ ವೃದ್ಧರು ವಾರಕ್ಕೆ ಐದು ಶಿಲಿಂಗುಗಳವರೆಗೆ ಅಂಚೆಕಚೇರಿಯಲ್ಲಿ ಪಡೆಯತೊಡಗಿದರು.

ಮೊತ್ತ ಚಿಕ್ಕದು. ಆದರೆ ಅದನ್ನು ಪಡೆಯಲು ಯಾವ ಧಣಿಯ ಬಾಗಿಲಲ್ಲಿಯೂ ಕಾಯಬೇಕಾಗಿರಲಿಲ್ಲ. ಬೋರ್ನ್‌ವಿಲ್ಲಿನ ಆ ಮನೆಗಳಲ್ಲಿ ಇಂದಿಗೂ ವೃದ್ಧರು ವಾಸಿಸುತ್ತಿದ್ದಾರೆ. ಕೊಟ್ಟವನ ಮುಖವನ್ನು ನೋಡದೆಯೇ ಉಣ್ಣುವಂತಾದರೆ, ಆ ಅನ್ನ ಮುದಿ ಗಂಟಲಲ್ಲಿ ಸುಲಭವಾಗಿ ಇಳಿಯುತ್ತದೆ.