ಹಳೇ ಪಿಎಸ್2ನ ಗುಜರಿಗೆ ಹಾಕ್ಬೇಡಿ ಮಾರಾಯ್ರೇ

1/7
ಮೊನ್ನೆ ಕ್ಲಾಸ್ ಗ್ರೂಪಿಗೆ ಒಂದು ಫೋಟೋ ಬಂತು. ಅಟ್ಟದಿಂದ ಇಳಿಸಿದ ಕಪ್ಪು ಪಿಎಸ್2, ಪಕ್ಕದಲ್ಲಿ ಒಂದು ಚೀಲ ಡಿಸ್ಕ್. ಕೆಳಗೆ, "ಗುಜರಿಯವ್ರು 150 ಕೊಡ್ತಾರಂತೆ, ಕೊಡ್ಲಾ?" ಒಂಬತ್ತು ಜನ ಥಂಬ್ಸ್ ಅಪ್ ಒತ್ತಿದ್ರಿ. ಇಬ್ಬರು ನಕ್ಕಿದ್ರಿ. ಆ ಹನ್ನೊಂದು ಜನಕ್ಕೂ, ಇದನ್ನ ಓದ್ತಿರೋ ಉಳಿದೋರಿಗೂ ನಂದೊಂದು ಜಗಳ ಇದೆ. ಏಳು ಪೋಸ್ಟ್ ಆಗುತ್ತೆ. ಒಂದು ಲೋಟ ಕಾಪಿ ತಗೊಂಡು ಕೂತ್ಕೊಳ್ಳಿ.

2/7
ಈ ಫೋಟೋದಲ್ಲಿ ಎಂತದೂ ಇಲ್ಲ ಅಂತ ಕೇಳ್ಬೇಡಿ. ಕಳಸದ ನಮ್ಮನೆ ಟೀವಿ ಸ್ಟ್ಯಾಂಡ್ ಕೆಳಗಿನ ಖಾಲಿ ಜಾಗ ಅದು. ಅಲ್ಲಿ ನಮ್ಮಣ್ಣನ ಪಿಎಸ್2 ಇತ್ತು. ಒಂದು ಸೀಸನ್ ಪೂರ್ತಿ ಹಣ್ಣು ಕೊಯ್ಲಿಗೆ ಹೋಗಿ ದುಡ್ಡು ಕೂಡಿಟ್ಟು ತಂದಿದ್ದು. ಮಳೆಗಾಲದಲ್ಲಿ ಶಾಲೆಗೆ ರಜಾ ಕೊಟ್ಟ ದಿನ, ಅಪ್ಪಿತಪ್ಪಿ ಕರೆಂಟಿದ್ರೆ, ಪಕ್ಕದ ಲೈನ್ ಮನೆ ಹುಡುಗ್ರು, ನಾವು, ಎಲ್ಲ ಸೇರಿ ಕ್ರಿಕೆಟ್ 07. ಎರಡು ರಿಮೋಟ್, ಎಂಟು ಜನ. ಔಟಾದವನು ರಿಮೋಟ್ ದಾಟಿಸ್ಬೇಕು.

ಆಮೇಲೆ ಅಣ್ಣ ಬೆಂಗಳೂರಲ್ಲಿ ಕೆಲಸಕ್ಕೆ ಸೇರಿದ. ಒಂದು ಹಬ್ಬದ ಎಕ್ಸ್‌ಚೇಂಜ್ ಆಫರ್‌ನಲ್ಲಿ, ಯಾವ ಅಂಗಡಿ ಅಂತ ಬೇಡ ಬಿಡಿ, ಹೊಸ ಕನ್ಸೋಲಿಗೆ ಸ್ವಲ್ಪ ರಿಯಾಯಿತಿ ಸಿಗುತ್ತೆ ಅಂತ ಹಳೇದನ್ನ ಕೊಟ್ಟ. ಡಿಸ್ಕ್ ಎಲ್ಲಾ ಹೋಯ್ತು. 8 ಎಂಬಿ ಮೆಮರಿ ಕಾರ್ಡೂ ಹೋಯ್ತು, ಅದರೊಳಗೆ ನಮ್ಮೆಲ್ಲರ ಹೆಸರಿಟ್ಟು ಮಾಡಿದ್ದ ಟೀಮ್ ಇತ್ತು. ಹೊಸ ಕನ್ಸೋಲ್ ಮನೆಗೆ ಬಂದ ದಿನ ನಾನು ಕೇಳಿದ ಮೊದಲ ಪ್ರಶ್ನೆ, "ಅಣ್ಣ, ಇದ್ರಲ್ಲಿ ಕ್ರಿಕೆಟ್ 07 ಹಾಕು." ಅವನು ಸುಮ್ಮನೆ ನನ್ನ ಮುಖ ನೋಡಿದ.

3/7
ಹೊಸ ಕನ್ಸೋಲನ್ನ ಹಳೇದರ ವಾರಸುದಾರ ಅಂತಾರೆ. ನಮ್ಮ ಕಡೆ ವಾರಸುದಾರ ಅಂದ್ರೆ ಎಂತ? ಅಪ್ಪನ ತೋಟ ತಗೊಂಡ್ರೆ ಅಪ್ಪನ ಸೊಸೈಟಿ ಸಾಲಾನೂ ತಗೋಬೇಕು. ಅಜ್ಜಿನ ನೋಡ್ಕೋಬೇಕು. ಈ ಕಂಪನಿಗಳಿಗೆ ಹೆಸರು ಬೇಕು, ಹೊಣೆ ಬೇಡ.

2000ದಲ್ಲಿ ಬಂದ ಪಿಎಸ್2 ನಿಜವಾದ ವಾರಸುದಾರ. ಪಿಎಸ್1ರ ಡಿಸ್ಕ್ ಹಾಕಿದ್ರೆ ಓಡುತ್ತಿತ್ತು. 2006ರಲ್ಲಿ ಪಿಎಸ್3 ಮೊದಲು ಬಂದಾಗಲೂ ಅದರ ಹೊಟ್ಟೆಯೊಳಗೆ ಪಿಎಸ್2ರ ಚಿಪ್‌ಗಳೇ ಇದ್ದವು, ಹಳೇ ಡಿಸ್ಕ್ ಓಡುತ್ತಿತ್ತು. ಆಮೇಲೆ ಶುರುವಾಯ್ತು ನೋಡಿ "ರಿವಿಷನ್" ಅನ್ನೋ ನಾಟಕ. ಮುಂದಿನ ಮಾಡೆಲಿನಲ್ಲಿ ಎರಡರಲ್ಲೊಂದು ಚಿಪ್ ತೆಗೆದ್ರು. 2007ರ ಕೊನೆಗೆ ಬಂದ 40 ಜಿಬಿ ಮಾಡೆಲಿನಲ್ಲಿ ಎರಡೂ ಇಲ್ಲ, ಪಿಎಸ್2 ಡಿಸ್ಕ್ ಹಾಕಿದ್ರೆ ಓಡಲ್ಲ. ಡಬ್ಬದ ಮೇಲಿನ ಹೆಸರು ಮಾತ್ರ ಅದೇ ಪಿಎಸ್3. ಬೆಲೆ ಇಳೀತು ಅಂತ ಜನ ಖುಷಿಯಾಗಿ ತಗೊಂಡ್ರು. 2013ರ ಪಿಎಸ್4ಕ್ಕೆ ಪಿಎಸ್3ರ ಡಿಸ್ಕೂ ಬೇಡವಾಯ್ತು.

ಆಗಲ್ಲ ಅನ್ನೋದು ಸುಳ್ಳು. ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್‌ಗೆ ಎಕ್ಸ್‌ಬಾಕ್ಸ್ 360ರ ಎಷ್ಟೋ ಡಿಸ್ಕ್ ಹಾಕಿ ಆಡಬಹುದು. ಹಂಗಂತ ಅವರೂ ಸಾಚಾ ಅಲ್ಲ, ಅದೇ ಸೀರೀಸ್‌ನ ಅಗ್ಗದ ಡಬ್ಬಕ್ಕೆ ಡಿಸ್ಕ್ ಹಾಕೋ ಬಾಯೇ ಇಲ್ಲ. 2024ರ ಜುಲೈ 29ಕ್ಕೆ 360ರ ಆನ್‌ಲೈನ್ ಅಂಗಡಿನೂ ಮುಚ್ಚಿದ್ರು.

4/7
"ಡಿಸ್ಕ್ ಯಾಕೆ, ಡೌನ್‌ಲೋಡ್ ಮಾಡ್ಕೋ" ಅನ್ನೋರು ದಯವಿಟ್ಟು ಜುಲೈ ತಿಂಗಳಲ್ಲಿ ಒಂದು ವಾರ ನಮ್ಮನೆಗೆ ಬನ್ನಿ. ಊಟ ನಂದು.

ಲೈನ್ ಮೇಲೆ ಮರ ಬಿದ್ರೆ ಮೂರು ದಿನ ಕರೆಂಟಿಲ್ಲ. ಕರೆಂಟಿಲ್ಲ ಅಂದ್ರೆ ಸ್ವಲ್ಪ ಹೊತ್ತಿಗೆ ಟವರೂ ಸತ್ತಂಗೆ. 2020ರಲ್ಲಿ ಆನ್‌ಲೈನ್ ಕ್ಲಾಸಿಗೆ ಛತ್ರಿ ಹಿಡ್ಕೊಂಡು ಗುಡ್ಡ ಹತ್ತಿದ್ದು ನಿಮಗೂ ನೆನಪಿದೆ ತಾನೆ? ಅದೇ ಗುಡ್ಡಕ್ಕೆ ಕನ್ಸೋಲ್ ಹೊತ್ಕೊಂಡು ಹೋಗ್ಲಾ? ಲೆಕ್ಕ ಹಾಕಿ. ಈಗಿನ ಒಂದು ದೊಡ್ಡ ಗೇಮ್ 100 ಜಿಬಿ. ಎರಡು ಎಂಬಿಪಿಎಸ್ ಒಂದೇ ಸಮ ಸಿಕ್ತು ಅಂತಾನೇ ಇಟ್ಕೊಳ್ಳಿ, ಸಿಗಲ್ಲ ಆದ್ರೂ, 111 ಗಂಟೆ ಬೇಕು. ನಾಲ್ಕೂವರೆ ದಿನ, ನಡುವೆ ಒಂದ್ಸಲವೂ ಕರೆಂಟ್ ಹೋಗಬಾರದು.

ಈಗಿನ ರಿವಿಷನ್‌ಗಳು ನೋಡಿ. 2024ರ ಏಪ್ರಿಲ್‌ನಲ್ಲಿ ನಮ್ಮ ದೇಶಕ್ಕೆ ಬಂದ ಪಿಎಸ್5 ಸ್ಲಿಮ್‌ನ ಡಿಸ್ಕ್ ಡ್ರೈವ್ ಬಿಚ್ಚಿ ಹಾಕುವಂಥದ್ದು. ಡಿಸ್ಕ್ ಅನ್ನೋದು ಕಾರಿನ ಸ್ಟೆಪ್ನಿ ಥರ, ಬೇಕಾದ್ರೆ ಸೇರಿಸ್ಕೋ. ಸೇರಿಸಿದ್ರೂ ಜೋಡಿಸೋಕೆ ಒಂದ್ಸಲ ಇಂಟರ್ನೆಟ್ ಬೇಕೇ ಬೇಕು. ಪಿಎಸ್5 ಪ್ರೋ ಡಬ್ಬದಲ್ಲಿ ಡ್ರೈವೇ ಇಲ್ಲ. ಆ ಪ್ರೋ 2024ರ ನವೆಂಬರ್‌ನಲ್ಲಿ ಬಿಡುಗಡೆ ಆದಾಗ ಭಾರತಕ್ಕೆ ಬರಲೂ ಇಲ್ಲ, ಅದರ ವೈಫೈ ಬಳಸೋ 6 ಗಿಗಾಹರ್ಟ್ಸ್ ತರಂಗಕ್ಕೆ ಆಗ ಇಲ್ಲಿ ಅನುಮತಿ ಇರ್ಲಿಲ್ಲ. 2025ರ ಜೂನ್‌ನಲ್ಲಿ ಬಂದ ಸ್ವಿಚ್ 2 ಇನ್ನೂ ಮಜಾ. "ಗೇಮ್-ಕೀ ಕಾರ್ಡ್" ಅಂತ ಮಾಡಿದ್ದಾರೆ. ದುಡ್ಡು ಕೊಟ್ಟು ಕಾರ್ಡ್ ತಗೋತೀರಿ, ಕಾರ್ಡಲ್ಲಿ ಗೇಮ್ ಇರಲ್ಲ, ಬೀಗದ ಕೈ ಮಾತ್ರ. ಗೇಮ್ ಅವರ ಸರ್ವರ್‌ನಲ್ಲಿ. ಆ ಸರ್ವರ್ ಎಷ್ಟು ವರ್ಷ ಇರುತ್ತೆ ಅಂತ ಕಾರ್ಡ್ ತಗೊಂಡವನಿಗೆ ಯಾವ ಮಾತೂ ಇಲ್ಲ. ಅದೇ ಕಂಪನಿ 2023ರ ಮಾರ್ಚ್ 27ಕ್ಕೆ 3ಡಿಎಸ್, ವೀ ಯು ಅಂಗಡಿಗಳಲ್ಲಿ ಮಾರಾಟ ನಿಲ್ಲಿಸಿತ್ತು.

ಹಳೇ ಪಿಎಸ್3 ಗೇಮ್ ಪಿಎಸ್5ನಲ್ಲಿ ಸ್ಟ್ರೀಮ್ ಮಾಡ್ಬಹುದು ಅಂತ ಒಬ್ಬ ಕಾಮೆಂಟ್ ಹಾಕ್ತಾನೆ, ಈಗ್ಲೇ ಉತ್ತರ ಕೊಡ್ತೀನಿ. 2022ರಲ್ಲಿ ಆ ಪ್ಲಾನ್ ಬಂದಾಗ ಅಮೆರಿಕಕ್ಕೆ "ಪ್ರೀಮಿಯಂ", ನಮಗೆ "ಡೀಲಕ್ಸ್". ಡೀಲಕ್ಸ್‌ನಲ್ಲಿ ಕ್ಲೌಡ್ ಸ್ಟ್ರೀಮಿಂಗ್ ಇರ್ಲಿಲ್ಲ.

5/7
ಇದು ಬಾಳೆಹೊನ್ನೂರಿನ ಬೋರ್ಡ್. ಗೇಮ್ ಪೋಸ್ಟಲ್ಲಿ ಕಾಫಿ ಸಂಶೋಧನಾ ಕೇಂದ್ರ ಯಾಕೆ ಬಂತು ಅಂತೀರಾ?

1925ರಲ್ಲಿ ಶುರುವಾದ ಆ ಕೇಂದ್ರದಲ್ಲಿ ಹಳೇ ಕಾಫಿ ತಳಿಗಳನ್ನ ಸಾಲಾಗಿ ನೆಟ್ಟು ಕಾಪಾಡ್ತಾರೆ. ಇಳುವರಿ ಕಮ್ಮಿ ಇರೋವು, ರೋಗಕ್ಕೆ ಸೋತವು, ಯಾರೂ ತೋಟಕ್ಕೆ ಹಾಕದೇ ಇರೋವು. ನಿಮ್ಮನೆ ತೋಟದಲ್ಲಿ ಎಸ್.795 ಇದ್ಯಲ್ಲ, ಅದರ ಹೆತ್ತವರಲ್ಲಿ ಒಂದು ಕೆಂಟ್ಸ್. ಕೆಂಟ್ಸ್ ಕೊನೆಗೆ ಎಲೆ ತುಕ್ಕು ರೋಗಕ್ಕೆ ಸೋತ ತಳಿ. ಸೋತಿತು ಅಂತ ಎಲ್ಲರೂ ಬುಡ ಸಮೇತ ಕಿತ್ತು ಒಲೆಗೆ ಹಾಕಿದ್ದಿದ್ರೆ ಎಸ್.795 ಹುಟ್ಟುತ್ತಿರಲಿಲ್ಲ. 2007ರಲ್ಲಿ ಚಂದ್ರಗಿರಿ ತಳಿ ಬಿಡುಗಡೆ ಆಯ್ತು, ಹಂಗಂತ ಹಳೇ ಸಾಲುಗಳನ್ನ ಗುಜರಿಗೆ ಕಳಿಸಿದ್ರಾ?

ಗಿಡಕ್ಕೆ ಇರೋ ಮರ್ಯಾದೆ ಗೇಮಿಗೆ ಬೇಕಾ ಅಂತ ನಮ್ಮಪ್ಪ ಕೇಳ್ತಾರೆ. ಬೇಕು ಅಪ್ಪ. ನಿಮ್ಮ ಕಾಲದ ಸಿನಿಮಾ ಹಾಡು ನಿಮಗೆ ಇನ್ನೂ ರೇಡಿಯೋದಲ್ಲಿ ಸಿಗುತ್ತೆ. ನಮ್ಮ ಕಾಲದ್ದು ನಮಗೆ ಇಪ್ಪತ್ತು ತುಂಬೋದ್ರೊಳಗೆ ಕಾಣೆಯಾಗಿದೆ.

6/7
ಎಷ್ಟು ಕಾಣೆಯಾಗಿದೆ? ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರ ಜುಲೈನಲ್ಲಿ ಲೆಕ್ಕ ಕೊಡ್ತು. ಅಮೆರಿಕದಲ್ಲಿ ಬಂದ ಹಳೇ ಗೇಮ್‌ಗಳಲ್ಲಿ ನೂರಕ್ಕೆ 87 ಈಗ ಅಂಗಡಿಯಲ್ಲಿ ಸಿಗಲ್ಲ. ಅಲ್ಲೇ ಹಂಗಾದ್ರೆ ಇಲ್ಲಿ?

ಇಲ್ಲಿ ಮಾಡಿದ ಗೇಮ್‌ಗಳೂ ಇದ್ದವು ಗೊತ್ತಾ? ಹೈದರಾಬಾದಿನ ಅರೋನಾ ಟೆಕ್ನಾಲಜೀಸ್ ಮಾಡಿದ "ಹನುಮಾನ್: ಬಾಯ್ ವಾರಿಯರ್", 2009, ಪಿಎಸ್2ಕ್ಕೆ. ಅದೇ ಊರಿನ ಗೇಮ್‌ಶಾಸ್ತ್ರ ಮಾಡಿದ "ದೇಸಿ ಅಡ್ಡಾ", ಅದರಲ್ಲಿ ಕಬಡ್ಡಿ ಇತ್ತು, ಚಿನ್ನಿದಾಂಡು ಇತ್ತು, ಗಾಳಿಪಟದ ಜಗಳ ಇತ್ತು. ಹನುಮಾನ್ ಗೇಮ್ ಚೆನ್ನಾಗಿರ್ಲಿಲ್ಲ, ಸತ್ಯ ಹೇಳ್ಬೇಕು, ಕ್ಯಾಮೆರಾ ಎತ್ತಲೋ ತಿರುಗುತ್ತಿತ್ತು. ಆದ್ರೂ ನಮ್ಮ ದೇಶದ ಮೊದಮೊದಲ ಕನ್ಸೋಲ್ ಗೇಮ್ ಅದು. ಪಿಎಸ್5ನ ಅಂಗಡಿಯಲ್ಲಿ ಹುಡುಕಿ ನೋಡಿ, ಇಲ್ಲ. ಕ್ರಿಕೆಟ್ 07 ಕೂಡ ಇಲ್ಲ, ಆ ಕಂಪನಿ ಆಮೇಲೆ ಕನ್ಸೋಲಿಗೆ ಕ್ರಿಕೆಟ್ ಗೇಮ್ ಮಾಡ್ಲೇ ಇಲ್ಲ. ಇವು ಉಳಿದಿರೋದು ಅಟ್ಟದ ಮೇಲಿನ ಚೀಲಗಳಲ್ಲಿ. ನೀವು 150 ರೂಪಾಯಿಗೆ ಕೊಡ್ತೀನಿ ಅಂತಿರೋ ಚೀಲಗಳಲ್ಲಿ.

"ಎಮ್ಯುಲೇಟರ್ ಇದ್ಯಲ್ಲ ಗುರು." ಇದೆ, ನಾನೂ ಬಳಸ್ತೀನಿ. ಆದ್ರೆ ನಿನ್ನ ಫೋನಿಗೆ ಬಂದ ಫೈಲ್ ಆಕಾಶದಿಂದ ಬಿದ್ದಿದ್ದಲ್ಲ. ಎಲ್ಲೋ ಒಬ್ಬ ಡಿಸ್ಕ್ ಬಿಸಾಡದೇ ಇಟ್ಕೊಂಡಿದ್ದ, ಅದರಿಂದ ತೆಗೆದಿದ್ದು. ಹನುಮಾನ್ ಡಿಸ್ಕ್ ಇಟ್ಕೊಳ್ಳೋನು ಅಮೆರಿಕದಲ್ಲಿ ಸಿಗ್ತಾನಾ? ಇಲ್ಲೇ ಸಿಗಬೇಕು.

ನಮ್ಮಲ್ಲಿ ಅರ್ಧ ಡಿಸ್ಕ್ ಕಳ್ಳ ಡಿಸ್ಕೇ ಆಗಿತ್ತು ಅಂತ ಯಾರಾದ್ರೂ ಹೇಳೋ ಮೊದಲೇ ಒಪ್ಕೋತೀನಿ. ಅದಕ್ಕೂ ಹಿಂದಿನ ಹಳದಿ ಕ್ಯಾಸೆಟ್ಟಿನ ಟೀವಿ ಗೇಮ್ ಪೂರ್ತಿ ನಕಲು. ಊದಿ ಹಾಕಿದ್ರೆ ಕಾಂಟ್ರಾ, ಮಾರಿಯೋ. ಆ ನಕಲು ಇಲ್ಲದಿದ್ರೆ ನಮ್ಮ ಅಣ್ಣಂದಿರಿಗೆ ಮಾರಿಯೋ ಯಾರು ಅಂತಾನೂ ಗೊತ್ತಿರ್ತಿರ್ಲಿಲ್ಲ. ಅದು ಸರಿ ಅಂತಲ್ಲ. ಸರಿಯಾದ ದಾರಿ ಕೊಡಿ ಅಂತ ಕೇಳೋದು. ನಮ್ಮ ಕಾಪಿರೈಟ್ ಕಾಯ್ದೆಯ 2012ರ ತಿದ್ದುಪಡಿ, ಸೆಕ್ಷನ್ 52(1)(ಎನ್), ಸಾರ್ವಜನಿಕ ಗ್ರಂಥಾಲಯ ತನ್ನ ಹತ್ರ ಇರೋ ಕೃತಿಯನ್ನ ಕಾಪಾಡೋಕೆ ಡಿಜಿಟಲ್ ಮಾಡಿ ಇಟ್ಕೋಬಹುದು ಅನ್ನುತ್ತೆ. ಷರತ್ತು ಎಂತ ಗೊತ್ತಾ? ಗ್ರಂಥಾಲಯದಲ್ಲಿ ಇರೋ ಪ್ರತಿ ಡಿಜಿಟಲ್ ಅಲ್ಲದ್ದಾಗಿರಬೇಕು. ಪುಸ್ತಕಕ್ಕೆ ಸರಿ. ಗೇಮ್ ಡಿಸ್ಕ್ ಹುಟ್ಟಿದ್ದೇ ಡಿಜಿಟಲ್ ಆಗಿ, ಅದು ಬಾಗಿಲ ಹೊರಗೆ. ಲಾ ಓದ್ತಿರೋ ಅಕ್ಕಂದಿರು ಅಣ್ಣಂದಿರು ಇದ್ರೆ ಈ ಒಂದು ಸಾಲಿನ ಬಗ್ಗೆ ಗಲಾಟೆ ಎಬ್ಬಿಸಿ.

7/7
ಪಬ್‌ಜಿ ಆಡಿದೋರಿಗೆ ಇದನ್ನ ವಿವರಿಸೋದೇ ಬೇಡ. 2020ರ ಸೆಪ್ಟೆಂಬರ್ 2ಕ್ಕೆ ನಿಷೇಧ, ಅಕ್ಟೋಬರ್ 30ಕ್ಕೆ ಸರ್ವರ್ ಬಂದ್. ನಿಷೇಧ ಸರಿಯೋ ತಪ್ಪೋ ಬೇರೆ ಮಾತು. ನಿಮ್ಮ ಸ್ಕಿನ್, ನಿಮ್ಮ ದುಡ್ಡು ಯಾರ ಕೈಯಲ್ಲಿತ್ತು? ಅಣ್ಣನ ಪಿಎಸ್2ನ ಆಫ್ ಮಾಡೋಕೆ ಅಮ್ಮ ಒಬ್ಬರಿಗೇ ಆಗ್ತಿತ್ತು.

ಹೊಸ ಕನ್ಸೋಲ್ ತಗೋಬೇಡಿ ಅಂತ ಹೇಳ್ತಿಲ್ಲ. ತಗೊಳ್ಳೋದಾದ್ರೆ ಡಿಸ್ಕ್ ಡ್ರೈವ್ ಇರೋದನ್ನೇ ತಗೊಳ್ಳಿ, ಕಮ್ಮಿ ರೇಟು ಅಂತ ಡಿಜಿಟಲ್ ಮಾಡೆಲಿಗೆ ಬೀಳ್ಬೇಡಿ. ಹಳೇದನ್ನ ಎಕ್ಸ್‌ಚೇಂಜಿಗೆ ಕೊಡಬೇಡಿ. ಡಿಸ್ಕಿಗೆ ನಮ್ಮ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತೆ, ಶೂ ಡಬ್ಬದಲ್ಲಿ ಬರೋ ಸಿಲಿಕಾ ಜೆಲ್ ಪೊಟ್ಟಣ ಬಿಸಾಡದೇ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಡಿಸ್ಕ್ ಜೊತೆ ಹಾಕಿಡಿ. ಹಳೇ ದಪ್ಪ ಟೀವಿ ಇದ್ರೆ ಅದನ್ನೂ ಇಟ್ಕೊಳ್ಳಿ, ಬಾತುಕೋಳಿ ಹೊಡಿಯೋ ಗನ್ ಹೊಸ ಎಲ್‌ಸಿಡಿ ಟೀವಿಗೆ ಕೆಲಸ ಮಾಡಲ್ಲ.

ಗ್ರೂಪಲ್ಲಿ ಫೋಟೋ ಹಾಕಿದ್ದ ಮಹಾಶಯ, ಗುಜರಿಯವ್ರಿಗೆ ಫೋನ್ ಮಾಡ್ಬೇಡ. 150ಕ್ಕೆ 200 ನಾನು ಕೊಡ್ತೀನಿ, ಚೀಲ ಸಮೇತ. ಶನಿವಾರ ಮೂಡಿಗೆರೆ ಬಸ್ ಸ್ಟ್ಯಾಂಡಿಗೆ ತಂದ್ರೆ ಸಾಕು, ಅಲ್ಲಿಂದ ಕಳಸಕ್ಕೆ ನಾನು ಹೊತ್ಕೊಂಡು ಹೋಗ್ತೀನಿ. ಮೆಮರಿ ಕಾರ್ಡ್ ಮರೀಬೇಡ. ಬೇರೆ ಯಾರ ಹತ್ರ ಆದ್ರೂ ಹನುಮಾನ್ ಅಥವಾ ದೇಸಿ ಅಡ್ಡಾ ಡಿಸ್ಕ್ ಇದ್ರೆ, ಗೀಚು ಬಿದ್ದಿದ್ರೂ ಪರವಾಗಿಲ್ಲ, ಮೆಸೇಜ್ ಮಾಡಿ. ನೆಟ್‌ವರ್ಕ್ ಬಂದಾಗ ನೋಡ್ತೀನಿ.

#ಡಿಸ್ಕ್_ಬಿಸಾಡ್ಬೇಡಿ #ಕಳಸ #ಮೂಡಿಗೆರೆ #ಕ್ರಿಕೆಟ್07