ಮೂಲೆಗೆ ಕಲ್ಲು, ನಡುವೆ ಕಬ್ಬಿಣ: ಕುರೆಕುಪ್ಪಕ್ಕೆ ಕಂಬ ಬಡಿಯುವ ಯಂತ್ರ ಬರಲಿ, ಆದರೆ ಬಾಡಿಗೆಗೆ

ಹೊಲಕ್ಕೆ ಬೇಲಿ ಹಾಕಿಸಲು ಹೊರಟವರನ್ನು ಯಾರನ್ನಾದರೂ ಕೇಳಿ ನೋಡಿ. ತಂತಿ ಸಿಗುತ್ತದೆ, ಕಂಬವೂ ಸಿಗುತ್ತದೆ, ಗುಂಡಿ ತೋಡುವ ಆಳು ಮಾತ್ರ ಸಿಗುವುದಿಲ್ಲ ಎನ್ನುತ್ತಾರೆ. ಬೇಲಿಯ ಕೆಲಸ ನಿಲ್ಲುವುದು ಇಲ್ಲೇ. ಗುಂಡಿಯನ್ನೇ ತೋಡದೆ ಕಂಬವನ್ನು ನೇರ ನೆಲಕ್ಕೆ ಬಡಿದು ಇಳಿಸುವ ಸಣ್ಣ ಹೈಡ್ರಾಲಿಕ್ ಯಂತ್ರಗಳು ಈಗ ಇವೆ. ಇಂಗ್ಲಿಷಿನಲ್ಲಿ ಅದಕ್ಕೆ ಪೋಸ್ಟ್ ಡ್ರೈವರ್ ಎಂಬ ಹೆಸರು. ನಮ್ಮ ಊರಿನ ಬಾಯಿಗೆ ಕಂಬ ಬಡಿಯುವ ಯಂತ್ರ ಎಂದರೆ ಸಾಕು.

ಈ ಯಂತ್ರ ಕುರೆಕುಪ್ಪದ ಸುತ್ತಮುತ್ತ ಬೇಕೇ? ಬೇಕು ಎಂಬುದು ನಮ್ಮ ಅಭಿಪ್ರಾಯ. ಆದರೆ ಅದು ಯಾರೋ ಒಬ್ಬ ರೈತರ ಮನೆಯಂಗಳಕ್ಕೆ ಸಬ್ಸಿಡಿಯಲ್ಲಿ ಬಂದು ತುಕ್ಕು ಹಿಡಿಯಬಾರದು. ಬಾಡಿಗೆ ಕೇಂದ್ರಕ್ಕೆ ಬರಬೇಕು, ನಡೆಸಲು ಬಲ್ಲವರ ಜೊತೆಗೇ ಬರಬೇಕು.

ಊರು ಪುರಸಭೆ, ಕಸುಬು ಬೇಸಾಯ

ಸಂಡೂರು ತಾಲ್ಲೂಕಿನ ಕುರೆಕುಪ್ಪ ಕಾಗದದ ಮೇಲೆ ಪಟ್ಟಣ. ಇಲ್ಲಿ ಪುರಸಭೆ ಇದೆ. ಪಕ್ಕದಲ್ಲೇ ತೋರಣಗಲ್ಲು, ಅಲ್ಲಿ ದೇಶದ ದೊಡ್ಡ ಉಕ್ಕಿನ ಕಾರ್ಖಾನೆಗಳಲ್ಲಿ ಒಂದು. ಹೊಸಪೇಟೆ ಮತ್ತು ಬಳ್ಳಾರಿಯ ನಡುವಿನ ಹೆದ್ದಾರಿಯಲ್ಲಿ ಹಗಲು ರಾತ್ರಿ ಲಾರಿ ಓಡುತ್ತವೆ. ಆದರೂ ಮನೆಯ ಹಿಂದೆ ನಾಲ್ಕು ಹೆಜ್ಜೆ ಹೋದರೆ ಜೋಳ, ಮೆಕ್ಕೆಜೋಳ, ಶೇಂಗಾ, ಮೆಣಸಿನಕಾಯಿ. ಪುರಸಭೆ ಆದ ಊರಿಗೆ ಗ್ರಾಮ ಪಂಚಾಯಿತಿಯ ಉದ್ಯೋಗ ಖಾತರಿ ಕೆಲಸ ಇಲ್ಲ. ಹರೆಯದ ಹುಡುಗರು ಕಾರ್ಖಾನೆಯ ಗುತ್ತಿಗೆ ಕೆಲಸಕ್ಕೋ ಲಾರಿಗೋ ಹೋಗುತ್ತಾರೆ. ಅವರನ್ನು ತಪ್ಪು ಎನ್ನಲಾಗದು. ತಿಂಗಳ ಸಂಬಳ ಬಿಟ್ಟು ಬಿಸಿಲಲ್ಲಿ ಹಾರೆ ಹಿಡಿದು ಗುಂಡಿ ತೋಡಲು ಯಾರು ಬರುತ್ತಾರೆ?

ಇನ್ನೊಂದು ಕಡೆ ಕಾಡುಹಂದಿ. ಕರಡಿಯೂ ಇದೆ. 1994ರಲ್ಲಿ ಘೋಷಣೆಯಾದ ದರೋಜಿ ಕರಡಿಧಾಮ ಇಲ್ಲಿಂದ ದೂರವೇನಿಲ್ಲ. ತೆನೆ ಕಟ್ಟುವ ಹೊತ್ತಿಗೆ ಹೊಲದಲ್ಲಿ ಅಟ್ಟಣಿಗೆ ಕಟ್ಟಿ ರಾತ್ರಿಯಿಡೀ ಡಬ್ಬ ಬಡಿದು ಕಾಯುವವರು ಇಂದಿಗೂ ಇದ್ದಾರೆ. ಹಗಲು ದುಡಿದು ರಾತ್ರಿ ಕಾದರೆ ಮೈ ಎಷ್ಟು ದಿನ ತಡೆದೀತು?

ಇಲ್ಲಿಂದಲೇ ಅಪಾಯ ಶುರು. ಸರಿಯಾದ ಬೇಲಿ ಕೈಗೆ ಎಟುಕದಿದ್ದಾಗ ಕೆಲವರು ಹೊಲದ ಸುತ್ತ ಬರಿಯ ತಂತಿ ಎಳೆದು ಪಂಪ್‌ಸೆಟ್ಟಿನ ಲೈನಿನಿಂದ ನೇರ ಕರೆಂಟು ಕೊಡುತ್ತಾರೆ. ಸೋಲಾರ್ ಬೇಲಿಯ ಪೆಟ್ಟಿಗೆಯಿಂದ ಬರುವುದು ಸುಮಾರು ಸೆಕೆಂಡಿಗೊಮ್ಮೆ ಕ್ಷಣಮಾತ್ರದ ಮಿಡಿತ. ಪ್ರಾಣಿ ಬೆದರುತ್ತದೆ, ಸಾಯುವುದಿಲ್ಲ. ಲೈನಿನ ಕರೆಂಟು ಹಾಗಲ್ಲ, ಹಿಡಿದದ್ದನ್ನು ಬಿಡದು. ಬೆಳಗಿನ ಜಾವ ನೀರು ಕಟ್ಟಲು ಹೋದವರು, ದನ ಹುಡುಕುತ್ತ ಬಂದವರು ಇಂಥ ತಂತಿಗೆ ಬಲಿಯಾದ ಸುದ್ದಿ ರಾಜ್ಯದ ಒಂದಲ್ಲ ಒಂದು ಮೂಲೆಯಿಂದ ಬರುತ್ತಲೇ ಇರುತ್ತದೆ. ಕರೆಂಟು ಕದಿಯುವುದು 2003ರ ವಿದ್ಯುತ್ ಕಾಯ್ದೆಯ ಪ್ರಕಾರ ಅಪರಾಧ. ಕರಡಿ ಸತ್ತರೆ 1972ರ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯ ಪ್ರಾಣಿ ಸತ್ತಂತೆ. ಕಾನೂನು ಹೀಗಿದ್ದರೂ ಜನ ಆ ದಾರಿ ಹಿಡಿಯುವುದು ಅದು ಒಂದೇ ಸಂಜೆಯಲ್ಲಿ ಮುಗಿಯುವ ಕೆಲಸ ಎಂಬ ಕಾರಣಕ್ಕೆ. ಒಳ್ಳೆಯ ಬೇಲಿಯೂ ಬೇಗ ಮುಗಿಯುವಂತಾದರೆ ಆ ತಂತಿ ಎಳೆಯುವ ಕೈಗಳು ಕಡಿಮೆಯಾಗುತ್ತವೆ. ಈ ಯಂತ್ರದ ಪರವಾಗಿ ನಾವು ಮಾತಾಡುತ್ತಿರುವುದು ಮುಖ್ಯವಾಗಿ ಇದಕ್ಕಾಗಿ.

ಯಂತ್ರ ಮಾಡುವುದೇನು?

ಕೆಲಸ ಸರಳ. ಭಾರವಾದ ಕಬ್ಬಿಣದ ಗುಂಡನ್ನು ಹೈಡ್ರಾಲಿಕ್ ಎಣ್ಣೆಯ ಒತ್ತಡದಿಂದ ಮೇಲೆತ್ತಿ ಕಂಬದ ತಲೆಯ ಮೇಲೆ ಬಿಡುವುದು, ಮತ್ತೆ ಎತ್ತುವುದು, ಮತ್ತೆ ಬಿಡುವುದು. ಎರಡು ಕ್ವಿಂಟಲ್ ಗುಂಡು ಒಂದು ಮೀಟರ್ ಎತ್ತರದಿಂದ ಬಿದ್ದರೆ ಆ ಪೆಟ್ಟಿನ ಮುಂದೆ ನಮ್ಮ ಸುತ್ತಿಗೆ ಯಾವ ಲೆಕ್ಕ? ಟ್ರ್ಯಾಕ್ಟರ್ ಹಿಂಬದಿಗೆ ಕಟ್ಟುವ ಮಾದರಿ ಇದೆ, ಸಣ್ಣ ಅಗೆಯುವ ಯಂತ್ರದ ತೋಳಿಗೆ ಸಿಕ್ಕಿಸುವುದಿದೆ, ಬೇರೆ ಎಂಜಿನ್ನಿನಿಂದ ಪೈಪಿನಲ್ಲಿ ಎಣ್ಣೆ ಪಡೆದು ಕೈಯಲ್ಲಿ ಹಿಡಿದು ನಡೆಸುವುದೂ ಇದೆ. ನ್ಯೂಜಿಲೆಂಡ್, ಆಸ್ಟ್ರೇಲಿಯಾದ ಹುಲ್ಲುಗಾವಲುಗಳಲ್ಲಿ ಇದು ಹಳೆಯ ಸಂಗತಿ. ನಮ್ಮಲ್ಲೂ ಹೆದ್ದಾರಿ ಬದಿಯ ಲೋಹದ ತಡೆಗಳ ಕಂಬ, ಸೋಲಾರ್ ಪಾರ್ಕುಗಳ ಕಂಬ ಇಳಿಸಲು ಇದೇ ಬಗೆಯ ದೊಡ್ಡ ಯಂತ್ರ ಬಳಸುತ್ತಾರೆ. ರಸ್ತೆಗೆ ಬಂದದ್ದು ಹೊಲಕ್ಕೆ ಬಂದಿಲ್ಲ, ಅಷ್ಟೇ.

ಬಡಿದು ಇಳಿಸಿದ ಕಂಬಕ್ಕೆ ಒಂದು ಗುಣವಿದೆ. ಗುಂಡಿ ತೋಡಿದರೆ ಮಣ್ಣು ಸಡಿಲವಾಗುತ್ತದೆ, ಮತ್ತೆ ತುಂಬಿ ಧಮ್ಮಸ್ಸು ಮಾಡಬೇಕು, ಇಲ್ಲವೇ ಕಾಂಕ್ರೀಟ್ ಹಾಕಿ ಒಣಗಲು ಬಿಡಬೇಕು. ಬಡಿದ ಕಂಬ ಮಣ್ಣನ್ನು ಪಕ್ಕಕ್ಕೆ ಒತ್ತುತ್ತ ಇಳಿಯುವುದರಿಂದ ಸುತ್ತಲಿನ ಮಣ್ಣೇ ಅದನ್ನು ಬಿಗಿಯಾಗಿ ಹಿಡಿಯುತ್ತದೆ. ಅದೇ ದಿನ ತಂತಿ ಎಳೆಯಬಹುದು.

ಕಲ್ಲುಕಂಬಕ್ಕೆ ಇದು ಆಗದು

ಇಲ್ಲಿ ಒಂದು ದೊಡ್ಡ ತೊಡಕಿದೆ, ಯಂತ್ರ ಮಾರುವವರು ಇದನ್ನು ಮೊದಲು ಹೇಳಲಿಕ್ಕಿಲ್ಲ. ನಮ್ಮ ಕಡೆ ಬೇಲಿ ಎಂದರೆ ಕಲ್ಲುಕಂಬ. ಕಲ್ಲಿನ ತಲೆಗೆ ಗುಂಡು ಬಿದ್ದರೆ ಕಲ್ಲು ಸೀಳುತ್ತದೆ. ಸಿಮೆಂಟ್ ಕಂಬದ ಗತಿಯೂ ಸಾಮಾನ್ಯವಾಗಿ ಅದೇ. ಈ ಯಂತ್ರಕ್ಕೆ ಬೇಕಾದ್ದು ಕಬ್ಬಿಣದ ಆಂಗಲ್, ಪೈಪು, ಇಲ್ಲವೇ ತುದಿ ಚೂಪು ಮಾಡಿದ ಗಟ್ಟಿ ಮರ. ಕಲ್ಲುಕಂಬವನ್ನೇ ನೆಡುವುದಾದರೆ ಟ್ರ್ಯಾಕ್ಟರಿಗೆ ಕಟ್ಟಿ ಗುಂಡಿ ಕೊರೆಯುವ ಯಂತ್ರ ಸಾಕು. ಅದು ನಮ್ಮಲ್ಲಿ ಈಗಾಗಲೇ ಪರಿಚಿತ.

ಹಾಗಾದರೆ ಕಲ್ಲು ಬಿಟ್ಟು ಕಬ್ಬಿಣಕ್ಕೆ ಏಕೆ ಹೋಗಬೇಕು? ಲೆಕ್ಕ ಹಾಕಿ ನೋಡೋಣ. ಆರು ಅಡಿ ಉದ್ದ, ಐದು ಇಂಚು ಚೌಕದ ಒಂದು ಕಲ್ಲುಕಂಬ ಸುಮಾರು 80 ಕೆಜಿ ತೂಗುತ್ತದೆ. ಅಷ್ಟೇ ಉದ್ದದ, 50 ಮಿಲಿಮೀಟರ್ ಅಗಲ 6 ಮಿಲಿಮೀಟರ್ ದಪ್ಪದ ಕಬ್ಬಿಣದ ಆಂಗಲ್ ಸುಮಾರು 8 ಕೆಜಿ. ಐದು ಎಕರೆ ಚೌಕ ಹೊಲಕ್ಕೆ ಮೂರು ಮೀಟರಿಗೊಂದರಂತೆ 190 ಕಂಬ ಹಿಡಿಯುತ್ತದೆ. ಕಲ್ಲಾದರೆ 15 ಟನ್ ಸಾಗಿಸಬೇಕು, ಕಬ್ಬಿಣವಾದರೆ ಒಂದೂವರೆ ಟನ್. ಗಾಡಿ ಹೋಗದ ಹೊಲಕ್ಕೆ ಈ ವ್ಯತ್ಯಾಸ ಸಣ್ಣದಲ್ಲ. ಗುತ್ತಿಗೆಗೆ ಹೊಲ ಮಾಡುವವರಿಗೆ ಇನ್ನೊಂದು ಅನುಕೂಲವಿದೆ: ಹೊಲ ಬಿಡುವಾಗ ಕಬ್ಬಿಣದ ಕಂಬ ಕಿತ್ತು ಒಯ್ಯಬಹುದು.

ಕಲ್ಲಿನ ಗುಣ ಕಲ್ಲಿಗೇ ಇದೆ. ಅದು ತುಕ್ಕು ಹಿಡಿಯದು, ಮೊಮ್ಮಕ್ಕಳ ಕಾಲದವರೆಗೂ ನಿಲ್ಲುತ್ತದೆ. ತಂತಿಯ ಎಳೆತವೆಲ್ಲ ಬೀಳುವುದು ಮೂಲೆಯ ಮತ್ತು ಗೇಟಿನ ಕಂಬಗಳ ಮೇಲೆ. ಆದ್ದರಿಂದ ಎರಡನ್ನೂ ಕೂಡಿಸುವುದೇ ಜಾಣತನ. ಮೂಲೆಗೆ, ಗೇಟಿಗೆ, ಉದ್ದ ಸಾಲಿನ ನಡುನಡುವೆ ಗುಂಡಿ ತೋಡಿ ಕಲ್ಲು ನೆಡಿ, ಒರಗುಗಂಬ ಕೊಡಿ. ಉಳಿದ ಕಡೆ ಸತು ಲೇಪಿಸಿದ ಕಬ್ಬಿಣವನ್ನು ಬಡಿಸಿ. ಆಗ ಕೈಯಿಂದ ತೋಡಬೇಕಾದ ಗುಂಡಿ ಹತ್ತಿಪ್ಪತ್ತಕ್ಕೆ ಇಳಿಯುತ್ತದೆ.

ಎರೆ ಬೇರೆ, ಮಸಾರಿ ಬೇರೆ

ನಮ್ಮ ಭಾಗದ ಎರೆಭೂಮಿ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಎರಡು ವರ್ಷ ಕಳೆಯುವಷ್ಟರಲ್ಲಿ ಕಂಬ ವಾಲುವುದನ್ನು ಎಲ್ಲರೂ ಕಂಡಿದ್ದೇವೆ. ಯಂತ್ರದಿಂದ ಬಡಿದರೂ ಈ ಗುಣ ಹೋಗದು, ಆದ್ದರಿಂದ ಎರೆಯಲ್ಲಿ ಕಂಬ ಇನ್ನಷ್ಟು ಆಳಕ್ಕೆ ಇಳಿಯಬೇಕು. ಮಳೆಯಾದ ಕೂಡಲೇ ಟ್ರ್ಯಾಕ್ಟರ್ ಹೂತುಹೋಗುತ್ತದೆ, ನಡುಬೇಸಿಗೆಯಲ್ಲಿ ನೆಲ ಕಲ್ಲಾಗಿರುತ್ತದೆ. ಹದ ಇರುವ ದಿನಗಳನ್ನೇ ನೋಡಿ ಕೆಲಸ ಹಿಡಿಯಬೇಕು.

ಮಸಾರಿಯಲ್ಲಿ ತೊಂದರೆ ಬೇರೆ. ಒಂದಡಿ ಕೆಳಗೆ ಗರಸು, ಅದರ ಕೆಳಗೆ ಬಂಡೆ. ಬಂಡೆಗೆ ತಾಗಿದ ಆಂಗಲ್ ಕೆಳಗೆ ಇಳಿಯದು, ನುಲಿಯುತ್ತದೆ. ಯಂತ್ರ ತರಿಸುವ ಮೊದಲು ಬದುವಿನ ಗುಂಟ ಹತ್ತು ಕಡೆ ಹಾರೆ ಹಾಕಿ ನೋಡಿ. ಹತ್ತರಲ್ಲಿ ಆರು ಕಡೆ ಟಣ್ ಎಂದರೆ ಬಾಡಿಗೆ ಕೊಟ್ಟು ಕಂಬ ಬಾಗಿಸಿಕೊಳ್ಳುವ ಕೆಲಸ ಬೇಡ.

ಟ್ರ್ಯಾಕ್ಟರಿನ ಮಾತೂ ಇದೆ. ನಮ್ಮ ಊರಿನ ಅನೇಕ ಟ್ರ್ಯಾಕ್ಟರ್‌ಗಳಲ್ಲಿ ಟ್ರಾಲಿ ಎತ್ತಲು ಒಂದೇ ಎಣ್ಣೆ ಪೈಪಿನ ವ್ಯವಸ್ಥೆ ಇರುತ್ತದೆ. ಈ ಯಂತ್ರಗಳಿಗೆ ಸಾಮಾನ್ಯವಾಗಿ ಹೋಗಲೊಂದು, ಬರಲೊಂದು ಪೈಪು ಬೇಕು, ಎಣ್ಣೆಯ ಹರಿವೂ ಸಾಲಬೇಕು. ಟ್ರ್ಯಾಕ್ಟರಿಗೆ ಹೊಂದದ ಯಂತ್ರ ಕೊಂಡರೆ ಅದು ಮೂಲೆ ಸೇರುತ್ತದೆ.

ಏಕೆ ಒಬ್ಬರೇ ಕೊಳ್ಳಬಾರದು?

ಕೂರಿಗೆ ಪ್ರತಿ ವರ್ಷ ಬೇಕು, ರೆಂಟೆ ಪ್ರತಿ ವರ್ಷ ಬೇಕು. ಬೇಲಿ ಹಾಕುವುದು ಹತ್ತಿಪ್ಪತ್ತು ವರ್ಷಕ್ಕೊಮ್ಮೆ. ನಾಲ್ಕು ದಿನದ ಕೆಲಸಕ್ಕೆ ಸಾಲ ಮಾಡಿ ಯಂತ್ರ ಕೊಂಡರೆ ಬೇಲಿಯೇ ಎದ್ದು ಹೊಲ ಮೇಯ್ದಂತೆ. ಒಂದೆರಡು ಎಕರೆಯವರಿಗೆ ಬಾಡಿಗೆಯ ಯಂತ್ರವೂ ಬೇಕಿಲ್ಲ. ಒಂದು ಬಾಯಿ ಮುಚ್ಚಿದ ದಪ್ಪ ಪೈಪಿಗೆ ಎರಡು ಹಿಡಿಕೆ ಬೆಸೆಸಿ ಕಂಬದ ಮೇಲೆ ತೊಡಿಸಿ, ಎತ್ತಿ ಬಡಿದರೆ ಹದವಿರುವ ನೆಲದಲ್ಲಿ ಸಣ್ಣ ಆಂಗಲ್ ಇಳಿಯುತ್ತದೆ. ತೋರಣಗಲ್ಲಿನ ಯಾವ ವೆಲ್ಡಿಂಗ್ ಅಂಗಡಿಯವರಾದರೂ ಅದನ್ನು ಮಾಡಿಕೊಡುತ್ತಾರೆ.

ಇನ್ನೊಂದು ಲೆಕ್ಕ ಕೇಳಿ. ಒಂದು ಎಕರೆ ಚೌಕ ಹೊಲದ ಸುತ್ತಳತೆ ಸುಮಾರು 254 ಮೀಟರ್. ಐದು ಜನ ತಮ್ಮ ತಮ್ಮ ಎಕರೆಗೆ ಬೇರೆ ಬೇರೆ ಬೇಲಿ ಹಾಕಿದರೆ 1,270 ಮೀಟರ್. ಐದೂ ಎಕರೆ ಕೂಡಿದ ಚೌಕಕ್ಕೆ ಒಂದೇ ಬೇಲಿ ಹಾಕಿದರೆ 569 ಮೀಟರ್. ಅರ್ಧಕ್ಕಿಂತ ಕಡಿಮೆ. ಯಾವ ಯಂತ್ರವೂ, ಯಾವ ಸಬ್ಸಿಡಿಯೂ ಕೊಡದ ಉಳಿತಾಯ ಅಕ್ಕಪಕ್ಕದವರ ಒಪ್ಪಂದದಲ್ಲಿದೆ. ಅಣ್ಣ ತಮ್ಮಂದಿರ ನಡುವೆ ಬದುವಿನ ಜಗಳ ಇರುವ ಕಡೆ ಇದು ಸುಲಭವಲ್ಲ ಎಂಬುದು ಗೊತ್ತು. ಆದರೂ ಹಂದಿಗೆ ಸರ್ವೆ ನಂಬರ್ ಓದಲು ಬರುವುದಿಲ್ಲವಲ್ಲ.

ಬೇಲಿಯಿಂದ ಏನಾಗುತ್ತದೆ, ಏನಾಗದು ಎಂಬುದನ್ನೂ ಹೇಳಬೇಕು. ಮೂರೆಳೆ ಮುಳ್ಳುತಂತಿ ದನ ತಡೆಯುತ್ತದೆ, ಹಂದಿ ಅದರ ಕೆಳಗೆ ನುಸುಳುತ್ತದೆ. ಹಂದಿಗೆ ಜಾಲರಿ ಬೇಕು, ಅದರ ಬುಡ ಮಣ್ಣಲ್ಲಿ ಹೂತಿರಬೇಕು. ಕರಡಿ ಹತ್ತಬಲ್ಲದು, ಅಗೆಯಬಲ್ಲದು. ಬೆಳೆಗೆ ಬೇಲಿ ಹಾಕಿ, ಕಾಡಿನಂಚಿನ ಹಳ್ಳದ ದಾರಿಗೆ ಹಾಕಬೇಡಿ. ಒಂದು ದಾರಿ ಕಟ್ಟಿದರೆ ಕರಡಿ ಇನ್ನೊಬ್ಬರ ಮನೆಯ ಬಾಗಿಲಿಗೆ ಬರುತ್ತದೆ.

ಕೂಲಿಯವರ ಗತಿ?

ಯಂತ್ರ ಬಂದರೆ ಗುಂಡಿ ತೋಡುವವರ ಹೊಟ್ಟೆಗೆ ಹೊಡೆದಂತೆ ಎಂಬ ಆಕ್ಷೇಪ ಬರುತ್ತದೆ. ತಳ್ಳಿಹಾಕುವ ಮಾತಲ್ಲ ಅದು. ಈ ಕೆಲಸಕ್ಕೆ ಇಂದು ಬರುವವರಲ್ಲಿ ಬಹುಪಾಲು ವಯಸ್ಸಾದವರು, ಬೇರೆ ದಾರಿ ಇಲ್ಲದವರು. ಆದ್ದರಿಂದಲೇ ಯಂತ್ರದ ಜೊತೆ ಹೋಗುವ ಇಬ್ಬರು ಮೂವರನ್ನು ಇದೇ ಕಸುಬಿನವರಿಂದ ಆರಿಸಿ ತರಬೇತಿ ಕೊಡಬೇಕು. ಮೂಲೆಕಂಬ ನೆಡುವುದು, ತಂತಿ ಬಿಗಿಯುವುದು, ಜಾಲರಿ ಹೂಳುವುದು ಹೇಗೂ ಕೈಕೆಲಸವೇ.

ಬಳ್ಳಾರಿ ಜಾಲಿಯ ಮುಳ್ಳು ಪುಕ್ಕಟೆ ಸಿಗುವಾಗ ಇದೆಲ್ಲ ಏಕೆ ಎನ್ನುವವರೂ ಇದ್ದಾರೆ. ಆ ಮುಳ್ಳನ್ನು ಪ್ರತಿ ವರ್ಷ ಕಡಿದು ಹೊತ್ತು ಹಾಕಬೇಕು, ಗೆದ್ದಲು ತಿನ್ನುತ್ತದೆ, ಬೀಜ ಬಿದ್ದು ಹೊಲಕ್ಕೇ ಹಬ್ಬುತ್ತದೆ. ಬದುವಿನಲ್ಲಿ ಕತ್ತಾಳೆ, ಕಳ್ಳಿ ಬೆಳೆಸಿ ತಂತಿಗೆ ಜೊತೆ ಕೊಡುವುದು ಮೇಲು.

ನಾವು ಕೇಳುವುದು

ಹೋಬಳಿ ಮಟ್ಟದಲ್ಲಿ ಯಂತ್ರ ಬಾಡಿಗೆಗೆ ಸಿಗಲಿ ಎಂದು ರಾಜ್ಯ ಸರ್ಕಾರ 2014-15ರಲ್ಲಿ ಕೃಷಿ ಯಂತ್ರಧಾರೆ ಆರಂಭಿಸಿತು. ಅಂಥ ಕೇಂದ್ರದ ಪಟ್ಟಿಗೆ ತೋರಣಗಲ್ಲು ಹೋಬಳಿಯಲ್ಲಿ ಗುಂಡಿ ಕೊರೆಯುವ ಯಂತ್ರ ಒಂದು, ಕಂಬ ಬಡಿಯುವ ಯಂತ್ರ ಒಂದು ಸೇರಲಿ. ಗಣಿಬಾಧಿತ ಪ್ರದೇಶದ ಜನರಿಗೆಂದೇ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿ ಇದೆ. ಸಂಡೂರಿನ ಮಣ್ಣು ಅಗೆದು ಬಂದ ಹಣ ಅದು. ಅದರಲ್ಲಿ ಒಂದಿಷ್ಟು ಸಂಡೂರಿನ ಹೊಲದ ಬೇಲಿಗೆ ಬರಲಿ ಎಂದು ಕೇಳುವುದು ಭಿಕ್ಷೆಯಲ್ಲ. ಕೊಳ್ಳುವ ಮೊದಲು ಎರೆಯಲ್ಲೊಂದು, ಮಸಾರಿಯಲ್ಲೊಂದು ಪ್ರಾತ್ಯಕ್ಷಿಕೆ ರೈತರ ಎದುರಿಗೇ ನಡೆಯಲಿ.

ಸುರಕ್ಷತೆಗೆ ಮೂರು ಮಾತು. ಗುಂಡು ಬೀಳುವಾಗ ಕಂಬವನ್ನು ಕೈಯಲ್ಲಿ ಹಿಡಿಯುವಂತಿಲ್ಲ. ಮೇಲೆ ಕರೆಂಟಿನ ತಂತಿ, ಕೆಳಗೆ ನೀರಿನ ಪೈಪು ಇದೆಯೇ ಎಂದು ಮೊದಲೇ ನೋಡಬೇಕು. ಎಣ್ಣೆ ಪೈಪು ಸೋರುತ್ತಿದೆಯೇ ಎಂದು ಬೆರಳಿಟ್ಟು ನೋಡಬಾರದು, ಒತ್ತಡದ ಎಣ್ಣೆ ಚರ್ಮ ಸೀಳಿ ಒಳಗೆ ಹೋಗುತ್ತದೆ.

ಕುರೆಕುಪ್ಪದ ಮಗ್ಗುಲಲ್ಲೇ ಉಕ್ಕು ಕರಗಿ ಲಾರಿ ಹತ್ತಿ ದೇಶದ ತುಂಬ ಹೋಗುತ್ತಿದೆ. ಅದರಲ್ಲಿ ಹೊಲದ ಬದುವಿಗೆ ನಾಲ್ಕು ಕಂಬ ಉಳಿದು, ಅಟ್ಟಣಿಗೆಯ ಮೇಲೆ ಕಣ್ಣು ಬಿಟ್ಟು ಕೂತವರು ಒಂದು ರಾತ್ರಿ ಮನೆಯಲ್ಲಿ ಮಲಗುವಂತಾದರೆ ಸಾಕು. ಬರುವ ಬಿತ್ತನೆಗೆ ಮುಂಚೆ ರೈತ ಸಂಪರ್ಕ ಕೇಂದ್ರಕ್ಕೆ ಹೋದಾಗ ನೀವೂ ಈ ಯಂತ್ರದ ಬಗ್ಗೆ ಒಂದು ಅರ್ಜಿ ಕೊಟ್ಟು ಬನ್ನಿ. ಒಬ್ಬರೇ ಹೋಗಬೇಡಿ, ಬದುವಿನಾಚೆಯವರನ್ನೂ ಕರೆದುಕೊಂಡು ಹೋಗಿ.