ಅಡ್ವಾನ್ಸ್ ನಮ್ಮ ದುಡ್ಡಲ್ಲ ಸ್ವಾಮಿ!

ಕಳೆದ ಭಾನುವಾರ ಗೆಳೆಯನೊಬ್ಬ ಬಿನ್ನಿಪೇಟೆಗೆ ಫ್ಲಾಟ್ ನೋಡೋಕೆ ಕರ್ಕೊಂಡು ಹೋದ. ಅವನು ಇರೋಕಲ್ಲ, ಬಾಡಿಗೆಗೆ ಬಿಡೋಕೆ. 1884ರಲ್ಲಿ ಶುರುವಾಗಿ, ಆಮೇಲೆ ಬಿನ್ನಿ ಕಂಪನಿಯ ಕೈಸೇರಿ, ಪೇಟೆಗೇ ಹೆಸರು ಕೊಟ್ಟ ಮಿಲ್ಲಿನ ಜಾಗದಲ್ಲಿ ಈಗ ಎತ್ತೆತ್ತರದ ಅಪಾರ್ಟ್‌ಮೆಂಟ್‌ಗಳು. 2015ರಲ್ಲಿ ಮಾಗಡಿ ರೋಡಿಗೆ ಮೆಟ್ರೋ ಬಂತು, ಅಲ್ಲಿಂದ ಮೆಜೆಸ್ಟಿಕ್ ಎರಡೇ ಸ್ಟಾಪ್. "ಬಾಡಿಗೆಗೆ ಜನ ಕ್ಯೂ ನಿಲ್ತಾರೆ ಮಗಾ, ಬಾಡಿಗೆಯಲ್ಲೇ ಇಎಂಐ ಕಟ್ಟಿಬಿಡ್ತೀನಿ" ಅಂದ.

ದರ್ಶಿನಿಯಲ್ಲಿ ಬೈಟೂ ಕಾಫಿ ಹೇಳಿ ಲೆಕ್ಕಕ್ಕೆ ಕೂತ್ವಿ. ಉದಾಹರಣೆಗೆ ಫ್ಲಾಟು ಒಂದು ಕೋಟಿ, ಬಾಡಿಗೆ ತಿಂಗಳಿಗೆ 30,000 ಅಂತಿಟ್ಕೊಳ್ಳಿ. ವರ್ಷಕ್ಕೆ 3.6 ಲಕ್ಷ, ಅಂದ್ರೆ 3.6 ಪರ್ಸೆಂಟು. 75 ಲಕ್ಷ ಸಾಲ, 8.5 ಪರ್ಸೆಂಟ್ ಬಡ್ಡಿ, 20 ವರ್ಷ ಅಂದ್ರೆ ಇಎಂಐ ಸುಮಾರು 65,000. ಬಾಡಿಗೆ ಅರ್ಧಕ್ಕೂ ಸಾಲಲ್ಲ. ಮೇಂಟೆನೆನ್ಸ್, ಕಂದಾಯ, ಖಾಲಿ ಬಿದ್ದ ತಿಂಗಳುಗಳು ಬೇರೆ. 2025ರ ಆಗಸ್ಟಿನಲ್ಲಿ ನೋಂದಣಿ ಶುಲ್ಕ 1ರಿಂದ 2 ಪರ್ಸೆಂಟಿಗೆ ಏರಿದ ಮೇಲೆ, ಸ್ಟ್ಯಾಂಪ್ ಡ್ಯೂಟಿ, ಸೆಸ್ಸು ಎಲ್ಲಾ ಸೇರಿ ರಿಜಿಸ್ಟ್ರೇಷನ್ನಿಗೇ ಏಳೂವರೆ ಲಕ್ಷದ ಮೇಲೆ ಹೋಗುತ್ತೆ.

ಅವನು ಒಂಚೂರೂ ಅಲುಗಾಡಲಿಲ್ಲ. "ಹತ್ತು ತಿಂಗಳ ಅಡ್ವಾನ್ಸ್ ಮೂರು ಲಕ್ಷ ಬರುತ್ತಲ್ಲ! ಅದನ್ನ ಇಲ್ಲಿಗೆ ತುಂಬ್ತೀನಿ" ಅಂದ.

ನನಗೆ ಕಾಫಿ ಗಂಟಲಲ್ಲೇ ನಿಂತ ಹಾಗಾಯ್ತು.

ನಾನು ಪಿಯುಸಿಯಲ್ಲಿದ್ದಾಗ ನಾವಿದ್ದ ಬಾಡಿಗೆ ಮನೆ ಖಾಲಿ ಮಾಡಬೇಕಾಯ್ತು. ಓನರ್ ಅಂಕಲ್ ಕೆಟ್ಟವರಲ್ಲ, ಯುಗಾದಿಗೆ ತಪ್ಪದೆ ಒಬ್ಬಟ್ಟು ಕಳಿಸ್ತಿದ್ರು. ಆದ್ರೆ ನಮ್ಮ ಅಡ್ವಾನ್ಸ್ ಯಾವುದೋ ಸೈಟಿನ ಕಂತಿಗೆ ಹೋಗಿತ್ತು. "ಹೊಸ ಬಾಡಿಗೆಯವರು ಬರ್ಲಿ, ಕೊಟ್ಬಿಡ್ತೀನಿ" ಅಂತ ನಾಲ್ಕು ತಿಂಗಳು ಕಳೆದ್ರು. ಹೊಸ ಮನೆಯವರಿಗೆ ಅಡ್ವಾನ್ಸ್ ಮೊದಲೇ ಕೊಡಬೇಕಿತ್ತಲ್ಲ, ಅಮ್ಮನ ಬಳೆ ಗಿರವಿ ಅಂಗಡಿಗೆ ಹೋಯ್ತು. ಬಳೆ ವಾಪಸ್ ಬಂತು, ಆದ್ರೆ ಅಪ್ಪ ಪ್ರತಿ ಶನಿವಾರ ಸಂಜೆ ಹಳೇ ಮನೆ ಗೇಟಿನ ಮುಂದೆ ನಿಂತು ಬರ್ತಿದ್ದದ್ದು ನನಗೆ ಇನ್ನೂ ಮರೆತಿಲ್ಲ. ತಮ್ಮದೇ ದುಡ್ಡನ್ನ ಸಾಲ ಕೇಳೋರ ಹಾಗೆ ಕೇಳಬೇಕಿತ್ತು.

ಲೀಸ್ ಇನ್ನೂ ಅಪಾಯ. ಇಪ್ಪತ್ತು ಲಕ್ಷ ಒಟ್ಟಿಗೆ ಸಿಗುತ್ತೆ, ಬಾಡಿಗೆ ಇಲ್ಲ. ಆ ದುಡ್ಡು ಖರ್ಚಾಗಿ, ಇತ್ತ ಬ್ಯಾಂಕಿನ ಕಂತೂ ನಿಂತ್ರೆ ಬ್ಯಾಂಕು ಮನೆ ಜಪ್ತಿಗೆ ಬರುತ್ತೆ. ಬೀದಿಗೆ ಬೀಳೋದು ಜೀವಮಾನದ ಉಳಿತಾಯ ಕೊಟ್ಟು ಕೂತಿರೋ ಸಂಸಾರ. ಒಂದು ವರ್ಷ ಮೀರಿದ ಲೀಸನ್ನ 1908ರ ನೋಂದಣಿ ಕಾಯ್ದೆ ಪ್ರಕಾರ ರಿಜಿಸ್ಟರ್ ಮಾಡಿಸಲೇಬೇಕು. ಎಷ್ಟು ಜನ ಮಾಡಿಸ್ತಾರೆ ಹೇಳಿ?

ಹಾಗಂತ ಮನೆ ತಗೋಬೇಡಿ ಅಂತ ನಾನು ಹೇಳ್ತಿಲ್ಲ. ಇಸಿ ತೆಗೆಸಿ ನೋಡಿ, ಲಾಯರ್ ಹತ್ರ ಕಾಗದ ಪತ್ರ ತೋರಿಸಿ. ಬೆಂಗಳೂರಲ್ಲಿ 2024ರಿಂದ ಇ-ಖಾತಾ ಇಲ್ಲದೆ ರಿಜಿಸ್ಟ್ರೇಷನ್ ಆಗಲ್ಲ, ಅದನ್ನೂ ಕೇಳಿ. ಆರು ತಿಂಗಳು ಮನೆ ಖಾಲಿ ಇದ್ರೂ ಇಎಂಐ ಕಟ್ಟೋ ತಾಕತ್ತಿದ್ರೆ ಮಾತ್ರ ಮುಂದುವರೀರಿ. ಆಮೇಲೆ, ಅಡ್ವಾನ್ಸ್ ಬಂದ ದಿನವೇ ಅದನ್ನ ಬೇರೆ ಎಫ್‌ಡಿ ಮಾಡಿ ಮರೆತುಬಿಡಿ. 2021ರ ಕೇಂದ್ರದ ಮಾದರಿ ಬಾಡಿಗೆ ಕಾಯ್ದೆ, ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಬೇಡ ಅನ್ನುತ್ತೆ. ಹತ್ತು ತಿಂಗಳು ಅನ್ನೋದು ನಮ್ಮೂರಿನ ರೂಢಿ. ಎರಡು ಮೂರು ತಿಂಗಳದ್ದು ಮಾತ್ರ ತಗೊಂಡ್ರೆ ವಾಪಸ್ ಕೊಡೋದೂ ಸುಲಭ, ಒಳ್ಳೆ ಬಾಡಿಗೆದಾರರೂ ಬೇಗ ಸಿಗ್ತಾರೆ.

ನನ್ನ ಮಟ್ಟಿಗೆ ಲೆಕ್ಕ ಇಷ್ಟೇ. ಬಾಡಿಗೆ ನಮ್ಮ ಆದಾಯ, ಅಡ್ವಾನ್ಸ್ ನಮ್ಮ ಮೇಲಿರೋ ಸಾಲ. ಬಾಡಿಗೆದಾರನ ದುಡ್ಡಿಲ್ಲದೆ ಕೊಳ್ಳೋಕಾಗದ ಮನೆ ನಮ್ಮ ಕೈಗೆ ಎಟುಕದ ಮನೆ.

ಗೆಳೆಯ ಬೈಟೂ ಕಾಫಿ ಬಿಲ್ ಕೊಟ್ಟು, "ಇನ್ನೆರಡು ವರ್ಷ ಕೂಡಿಡ್ತೀನಿ ಬಿಡು" ಅಂದ. ಮುಖ ಸ್ವಲ್ಪ ಊದಿತ್ತು, ಪರವಾಗಿಲ್ಲ :-)

ನಿಮ್ಮಲ್ಲೂ ಓನರ್‌ಗಳು, ಬಾಡಿಗೆದಾರರು ಇಬ್ಬರೂ ಇದ್ದೀರಿ. ನೀವೇನಂತೀರಿ?